ಭದ್ರಾವತಿ ತನಕ ಓಡೋಕೆ ಎಷ್ಟು ದುಡ್ಡು ಬೇಕು?

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಲ್ಲಿ ಹೋಗುವವರಿಗೆ ಅದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ನಾಲ್ಕೈದು ಹಾಡು ಕೇಳೋಷ್ಟರಲ್ಲಿ ಮುಗಿಯೋ ದಾರಿ. ಓಡುವವರ ಲೆಕ್ಕ ಬೇರೆ. ತುಂಗಾ ಸೇತುವೆ ದಾಟಿ ವಿದ್ಯಾನಗರ, ಹರಿಗೆ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ, ಕಡದಕಟ್ಟೆ ಅಂತ ಹೋದರೆ ಹತ್ತಿರಹತ್ತಿರ 20 ಕಿಲೋಮೀಟರ್. ಎಲ್ಲಿಂದ ಶುರು ಮಾಡಿ ಎಲ್ಲಿ ನಿಲ್ಲಿಸ್ತೀರಿ ಅನ್ನೋದರ ಮೇಲೆ ಒಂದೆರಡು ಕಿಲೋಮೀಟರ್ ಹೆಚ್ಚುಕಮ್ಮಿ. ಒಂದು ಕಡೆ ಓಡಿದರೆ ಹೆಚ್ಚುಕಡಿಮೆ ಒಂದು ಹಾಫ್ ಮ್ಯಾರಥಾನ್. ಸೈಕಲ್ಲಲ್ಲಿ ಹೋಗಿ ಬಂದರೆ 40 ಕಿ.ಮೀ., ಅಂದರೆ ಒಲಿಂಪಿಕ್ ಟ್ರಯಥ್ಲಾನಿನ ಸೈಕಲ್ ಭಾಗ ಎಷ್ಟಿದೆಯೋ ಅಷ್ಟೇ. ಅದರ ಮುಂಚೆ 1.5 ಕಿ.ಮೀ. ಈಜು, ಆಮೇಲೆ 10 ಕಿ.ಮೀ. ಓಟ ಸೇರಿಸಿದರೆ ಪೂರ್ತಿ ಸ್ಪರ್ಧೆ.

ಇಷ್ಟು ಒಳ್ಳೆ ದಾರಿ ಪಕ್ಕದಲ್ಲೇ ಇದ್ದರೂ ನಮ್ಮ ಕ್ಯಾಂಪಸ್ಸಿನಲ್ಲಿ ಓಡುವವರು ಯಾಕೆ ಕಮ್ಮಿ? "ಟೈಮಿಲ್ಲ", "ಇಂಟರ್ನಲ್ಸ್ ಇದೆ", "ಬೆಳಿಗ್ಗೆ ಏಳೋಕಾಗಲ್ಲ ಮಾರಾಯ" ಇವೆಲ್ಲ ಗೊತ್ತಿರೋ ಉತ್ತರಗಳೇ. ಇನ್ನೊಂದು ಉತ್ತರ ನನಗೆ ಕಳೆದ ಸೆಮಿಸ್ಟರ್‌ನಲ್ಲಿ ಗೊತ್ತಾಯ್ತು. ಅದಕ್ಕೆ ಕಾರಣ ನಾನೇ.

ನಮ್ಮ ಓಟದ ವಾಟ್ಸಾಪ್ ಗ್ರೂಪಿಗೆ ಹೊಸಬರು ಸೇರಿದ್ದರು. ಸೀನಿಯರ್ ಅನ್ನಿಸಿಕೊಂಡ ಮೇಲೆ ಏನಾದ್ರೂ ಜ್ಞಾನ ಹಂಚಬೇಕಲ್ಲ, "ಬೇಕಾಗುವ ಸಾಮಗ್ರಿಗಳು" ಅಂತ ಒಂದು ಪಟ್ಟಿ ಹಾಕಿದೆ. ರೇಸ್ ದಿನಕ್ಕೆ ಕಾರ್ಬನ್ ಪ್ಲೇಟ್ ಶೂ, ಅಭ್ಯಾಸಕ್ಕೆ ಇನ್ನೊಂದು ಜೊತೆ, ಜಿಪಿಎಸ್ ವಾಚು, ಎದೆಗೆ ಕಟ್ಟೋ ಹಾರ್ಟ್ ರೇಟ್ ಪಟ್ಟಿ, ನೀರಿನ ವೆಸ್ಟು, ಕಂಪ್ರೆಷನ್ ಸಾಕ್ಸು, ಎನರ್ಜಿ ಜೆಲ್ಲು. ಯಾವುದಕ್ಕೆ ಎಷ್ಟು ಅಂತಲೂ ಬರೆದಿದ್ದೆ. ಕೂಡಿಸಿದರೆ ಐವತ್ತು ಸಾವಿರದ ಹತ್ತಿರ. ಸೈಕಲ್ ಇನ್ನೂ ಲೆಕ್ಕಕ್ಕೇ ಬಂದಿರಲಿಲ್ಲ.

ಅವತ್ತು ರಾತ್ರಿಯೇ ಭದ್ರಾವತಿಯ ಒಬ್ಬ ಫಸ್ಟ್ ಇಯರ್ ಹುಡುಗ ಗ್ರೂಪ್ ಬಿಟ್ಟ. ಎರಡು ವಾರ ಆದಮೇಲೆ ಕ್ಯಾಂಟೀನಿನಲ್ಲಿ ಸಿಕ್ಕಾಗ ಯಾಕಪ್ಪಾ ಅಂತ ಕೇಳಿದೆ. ಮೊದಲು ನಕ್ಕ. ಆಮೇಲೆ, "ಅಣ್ಣಾ, ನಂದು ಪಿಯುಸಿ ಟೈಮಿನ ಶೂ. ಅದ್ರಲ್ಲೇ ದಿನಾ ಎಂಟು ಕಿಲೋಮೀಟರ್ ಓಡ್ತಿದ್ದೆ. ನಿಮ್ ಲಿಸ್ಟ್ ನೋಡಿದ್ಮೇಲೆ ಇದು ನಮ್ಗಲ್ಲ ಅನ್ನಿಸ್ತು" ಅಂದ. ಅವನ ಅಪ್ಪ ಮೊದಲು ಪೇಪರ್ ಮಿಲ್ಲಿನಲ್ಲಿದ್ದವರು, ಈಗ ಆಟೋ ಓಡಿಸ್ತಾರೆ. ಎಂಪಿಎಂ ನಿಂತಮೇಲೆ, ಕಬ್ಬಿಣದ ಕಾರ್ಖಾನೆಯೂ ಮುಚ್ಚುತ್ತೆ ಅನ್ನೋ ಸುದ್ದಿಯ ನಡುವೆ ಬೆಳೆದ ಮನೆ ಅದು. ಅಲ್ಲಿ ಐವತ್ತು ಸಾವಿರ ಅಂದ್ರೆ ಏನು ಅಂತ ನಾನು ಪಟ್ಟಿ ಹಾಕೋ ಮುಂಚೆ ಯೋಚನೆ ಮಾಡಬೇಕಿತ್ತು.

ದಿನಾ ಎಂಟು ಕಿಲೋಮೀಟರ್ ಓಡೋ ಹುಡುಗನನ್ನು ಓಟದ ಗ್ರೂಪಿನಿಂದ ಓಡಿಸಿದ್ದು ನನ್ನ ಪಟ್ಟಿ. ಹಾಗಾಗಿ ಈ ಲೇಖನ. ಓಟಕ್ಕೆ ಸಾಮಗ್ರಿ ಬೇಡ ಅಂತ ನಾನು ಹೇಳ್ತಿಲ್ಲ, ಬೇಕು. ಆದರೆ ಯಾವುದು ಗಾಯ, ಅಪಘಾತ ತಪ್ಪಿಸುತ್ತೋ ಅದು ಮೊದಲು ಬೇಕು. ಯಾವುದು ಬರೀ ಒಂದೆರಡು ನಿಮಿಷ ಉಳಿಸುತ್ತೋ ಅದು ಕೊನೆಗೆ. ನಾವು ತಿರುಗಾಮುರುಗಾ ಮಾಡ್ತಿದ್ದೀವಿ.

ಶೂ ವಿಷಯ

ಮೊದಲು ನನ್ನ ಕಥೆ. ಇಂಟರ್ನ್‌ಶಿಪ್ ಸ್ಟೈಪೆಂಡ್ ಬಂದ ಖುಷಿಯಲ್ಲಿ ಆನ್‌ಲೈನ್ ಸೇಲ್‌ನಲ್ಲಿ ಕಾರ್ಬನ್ ಶೂ ತಗೊಂಡೆ. ಡಿಸ್ಕೌಂಟ್ ಆದಮೇಲೂ ಹದಿನಾಲ್ಕು ಸಾವಿರ. ಹಾಕಿ ನೋಡದೆ ತಗೊಂಡಿದ್ದು, ಮುಂದೆ ಸ್ವಲ್ಪ ಬಿಗಿ ಇತ್ತು, "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಅಂದ್ಕೊಂಡೆ. ನಾಲ್ಕು ದಿನದಲ್ಲಿ ಹಾಫ್ ಮ್ಯಾರಥಾನ್ ಓಡಿದೆ. ಎರಡು ಕಾಲಿನ ಹೆಬ್ಬೆರಳ ಉಗುರೂ ಕಪ್ಪಾಗಿ ಬಿದ್ದುಹೋಯ್ತು. ಅದಾದ್ರೂ ಪರವಾಗಿಲ್ಲ, ಹಿಮ್ಮಡಿಯ ಮೇಲಿನ ನರ ಹಿಡಿದುಕೊಂಡು ಏಳು ವಾರ ಓಡೋಕಾಗಲಿಲ್ಲ. ತಪ್ಪು ಶೂದಲ್ಲ, ನಂದು. ಅಷ್ಟು ಎತ್ತರದ, ಅಷ್ಟು ಗಟ್ಟಿ ಶೂಗೆ ಕಾಲು ಹೊಂದಿಕೊಳ್ಳೋಕೆ ವಾರಗಟ್ಟಲೆ ಬೇಕು. ನಾನು ಕೊಟ್ಟಿದ್ದು ನಾಲ್ಕು ದಿನ.

ಕಾರ್ಬನ್ ಶೂ ಮೋಸ ಅಂತ ಹೇಳೋಕಾಗಲ್ಲ. ಅದು ನಿಜವಾಗಿ ಕೆಲಸ ಮಾಡುತ್ತೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ 18 ಜನ ಒಳ್ಳೆ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದಾಗ, ಆ ಕಾಲದ ಬೇರೆ ರೇಸಿಂಗ್ ಶೂಗಳಿಗಿಂತ ಸರಾಸರಿ ಶೇ. 4ರಷ್ಟು ಕಡಿಮೆ ಶಕ್ತಿ ಸಾಕಾಯಿತು. 2020ರಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂ ಅಟ್ಟೆ 40 ಮಿ.ಮೀ. ಮೀರಬಾರದು, ಒಳಗೆ ಒಂದಕ್ಕಿಂತ ಹೆಚ್ಚು ಪ್ಲೇಟ್ ಇರಬಾರದು ಅಂತ ನಿಯಮ ಮಾಡಿತು. ಪರಿಣಾಮ ಏನೂ ಇಲ್ಲದಿದ್ದರೆ ನಿಯಮ ಯಾಕೆ?

ಆದರೆ ನಾವು ಇಂಜಿನಿಯರಿಂಗ್ ಓದ್ತಿರೋರು, ಟೆಸ್ಟ್ ಕಂಡೀಷನ್ ಏನು ಅಂತ ಕೇಳದೆ ರಿಸಲ್ಟ್ ಒಪ್ಪಬಾರದು. ಆ ಪ್ರಯೋಗದ ವೇಗ ಗಂಟೆಗೆ 14, 16 ಮತ್ತು 18 ಕಿ.ಮೀ. ಗಂಟೆಗೆ 14 ಅಂದ್ರೆ ಹಾಫ್ ಮ್ಯಾರಥಾನನ್ನು ಒಂದೂವರೆ ಗಂಟೆಯಲ್ಲಿ ಮುಗಿಸೋ ವೇಗ. ನಮ್ಮ ಗ್ರೂಪಲ್ಲಿ ಹಾಗೆ ಓಡೋರು ಇಬ್ಬರಿದ್ದರೆ ಹೆಚ್ಚು. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಿಧಾನದ ವೇಗಗಳಲ್ಲಿ ಇಂಥದ್ದೇ ಶೂ ಪರೀಕ್ಷಿಸಿದರು. ಗಂಟೆಗೆ 12 ಕಿ.ಮೀ.ನಲ್ಲಿ ಉಳಿತಾಯ ಶೇ. 1.4ಕ್ಕೆ ಇಳಿಯಿತು, 10 ಕಿ.ಮೀ.ನಲ್ಲಿ ಶೇ. 0.9ಕ್ಕೆ. ಅದೂ ಸರಾಸರಿ, ಕೆಲವರಿಗೆ ಏನೂ ಉಳಿಯಲಿಲ್ಲ. ಗಂಟೆಗೆ 10ರ ವೇಗದಲ್ಲಿ ಭದ್ರಾವತಿ ತನಕ ಓಡೋಕೆ ಎರಡು ಗಂಟೆ ಚಿಲ್ಲರೆ ಬೇಕು. ಅದರಲ್ಲಿ ಈ ಶೂ ಉಳಿಸೋದು ಹೆಚ್ಚೆಂದರೆ ಒಂದು ನಿಮಿಷ. ಮಾಚೇನಹಳ್ಳಿ ಹತ್ತಿರ ನೀರು ಕುಡಿಯೋಕೆ ನಿಂತರೆ ಆ ನಿಮಿಷ ಅಲ್ಲೇ ಖರ್ಚು.

ಬಾಳಿಕೆ ಲೆಕ್ಕವನ್ನೂ ಹಾಕಿ. ನಾಲ್ಕು ಸಾವಿರದ ಸಾಧಾರಣ ರನ್ನಿಂಗ್ ಶೂ ಸುಮಾರು 600 ಕಿ.ಮೀ. ಬಂದರೆ ಕಿಲೋಮೀಟರಿಗೆ ಆರೇಳು ರೂಪಾಯಿ. ಹದಿನೆಂಟು ಸಾವಿರದ ರೇಸಿಂಗ್ ಶೂ 400 ಕಿ.ಮೀ. ಬಂದರೆ ಕಿಲೋಮೀಟರಿಗೆ 45 ರೂಪಾಯಿ. ಆ ದುಡ್ಡಲ್ಲಿ ಮೈಲಿಗೊಂದು ಮಸಾಲೆದೋಸೆ ತಿನ್ನಬಹುದು.

ಹಾಗಾದ್ರೆ ಬರಿಗಾಲೇ ವಾಸಿ ಅಂತ ಹೇಳೋರೂ ಇದ್ದಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಕಥೆ ಎಲ್ಲರಿಗೂ ಗೊತ್ತು. ನಮ್ಮ ಶಿವನಾಥ್ ಸಿಂಗ್ ಕೂಡ ಹೆಚ್ಚಾಗಿ ಬರಿಗಾಲಲ್ಲೇ ಓಡುತ್ತಿದ್ದವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ 11ನೇ ಸ್ಥಾನ. 1978ರಲ್ಲಿ ಜಲಂಧರ್‌ನಲ್ಲಿ ಅವರು ಓಡಿದ 2 ಗಂಟೆ 12 ನಿಮಿಷದ ದಾಖಲೆಯನ್ನು ನಾಲ್ಕು ದಶಕ ಕಳೆದರೂ ಯಾವ ಭಾರತೀಯನೂ ಮುರಿದಿರಲಿಲ್ಲ. ಆದರೆ ಕಥೆಯ ಉಳಿದರ್ಧವನ್ನೂ ಹೇಳಬೇಕು. ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿ, ರೋಮ್‌ಗಿಂತ ಮೂರು ನಿಮಿಷ ಬೇಗ ಮುಗಿಸಿ ಮತ್ತೆ ಚಿನ್ನ ಗೆದ್ದ. ಬಡತನವನ್ನು ವೈಭವೀಕರಿಸಿ ಆ ಜೂನಿಯರ್ ಹುಡುಗನಿಗೆ "ಬಿಕಿಲಾ ಓಡಿಲ್ವಾ, ನೀನೂ ಓಡು" ಅನ್ನೋದು ನನ್ನ ಪಟ್ಟಿಯಷ್ಟೇ ಕೆಟ್ಟದು. ಹೆದ್ದಾರಿ ಅಂಚಿನಲ್ಲಿ ಗಾಜಿನ ಚೂರು, ತಂತಿ, ಜಲ್ಲಿ ಎಲ್ಲ ಇರುತ್ತೆ. ಶೂ ಬೇಕೇ ಬೇಕು.

ಎಂಥ ಶೂ? ಅಂಗಡಿಯಲ್ಲಿ ಪಾದದ ಕಮಾನು ನೋಡಿ "ನಿಮಗೆ ಈ ಟೈಪೇ ಆಗಬೇಕು" ಅಂತಾರೆ. ಅಮೆರಿಕದ ಸೇನೆ, ವಾಯುಪಡೆ, ಮರೀನ್ ತರಬೇತಿಯ ಸಾವಿರಾರು ಹೊಸಬರಿಗೆ ಕಮಾನು ನೋಡಿ ಶೂ ಕೊಟ್ಟು ಪರೀಕ್ಷಿಸಿದ್ದಾರೆ. ಗಾಯಗಳೇನೂ ಹೇಳಿಕೊಳ್ಳುವಷ್ಟು ಕಡಿಮೆ ಆಗಲಿಲ್ಲ. 2015ರಲ್ಲಿ ಬೆನ್ನೋ ನಿಗ್ ಮತ್ತು ಅವರ ಜೊತೆಗಾರರು ಈ ವಿಷಯದ ಸಂಶೋಧನೆಗಳನ್ನೆಲ್ಲ ನೋಡಿ ಕೊಟ್ಟ ಸಲಹೆ ಸರಳ: ಹಾಕಿಕೊಂಡಾಗ ಯಾವುದು ಆರಾಮ ಅನ್ನಿಸುತ್ತೋ ಅದನ್ನು ತಗೊಳ್ಳಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತೆ. ಓಡುವಾಗ ಹಾಕೋ ಸಾಕ್ಸನ್ನೇ ಹಾಕಿಕೊಂಡು ನೋಡಿ. ಬೆರಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಲಿ. ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಬೆಳೆದ ನಮ್ಮಲ್ಲಿ ಹಲವರ ಪಾದ ಮುಂದೆ ಅಗಲ, ಕಿರಿದಾದ ಶೂ ಹಿಡಿಯುತ್ತೆ. ನಾಲ್ಕು ಹೆಜ್ಜೆ ಓಡಿ ನೋಡೋಕೆ ಬಿಡದ ಅಂಗಡಿಯಿಂದ ಎದ್ದು ಬನ್ನಿ. ಕಾಟನ್ ಸಾಕ್ಸ್ ಬೆವರು ಹಿಡಿದು ಬೊಬ್ಬೆ ಬರಿಸುತ್ತೆ, ಇನ್ನೂರು ಮುನ್ನೂರು ರೂಪಾಯಿಯ ಸಿಂಥೆಟಿಕ್ ಸಾಕ್ಸ್ ಸಾಕು. ಮಳೆಗಾಲದಲ್ಲಿ ಒದ್ದೆ ಶೂ ಒಳಗೆ ಹಳೇ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ, ಒಲೆ ಪಕ್ಕ ಇಡಬೇಡಿ, ಅಂಟು ಬಿಡುತ್ತೆ.

ನನ್ನ ಪಟ್ಟಿಯಲ್ಲಿ ಇಲ್ಲದೇ ಇದ್ದಿದ್ದನ್ನು ಗ್ರೂಪಿನ ಗೆಳತಿಯೊಬ್ಬಳು ತೋರಿಸಿಕೊಟ್ಟಳು. "ಹುಡುಗೀರಿಗೆ ಶೂ ಜೊತೆಗೆ ಮೊದಲು ಬೇಕಾಗಿರೋದು ಸರಿಯಾದ ಸೈಜಿನ ಸ್ಪೋರ್ಟ್ಸ್ ಬ್ರಾ. ಆಮೇಲೆ ಬೆಳಕಿರೋ ರಸ್ತೆ, ಜೊತೆಗೆ ಓಡೋಕೆ ಜನ. ನಿನ್ನ ಲಿಸ್ಟಲ್ಲಿ ಹಾರ್ಟ್ ರೇಟ್ ಪಟ್ಟಿ ಇದೆ, ಇದ್ಯಾವುದೂ ಇಲ್ಲ" ಅಂದಳು. ಉತ್ತರ ಇರಲಿಲ್ಲ.

ಸೈಕಲ್ ವಿಷಯ

ಟ್ರಯಥ್ಲಾನ್ ಅಂದಕೂಡಲೇ ಲಕ್ಷದ ಕಾರ್ಬನ್ ಸೈಕಲ್ ಕಣ್ಣಿಗೆ ಬರುತ್ತೆ. ಇಲ್ಲಿಯೂ ಪೆನ್ನು ಹಿಡಿದು ಲೆಕ್ಕ ಮಾಡೋಣ. ಸವಾರ, ಸೈಕಲ್ ಸೇರಿ 80 ಕಿಲೋ, ಸಮತಟ್ಟು ರಸ್ತೆ, ವೇಗ ಗಂಟೆಗೆ 30 ಕಿ.ಮೀ. ಇಟ್ಟುಕೊಳ್ಳಿ. ರೋಲಿಂಗ್ ರೆಸಿಸ್ಟೆನ್ಸ್ ಗುಣಾಂಕ 0.005 ಅಂದರೆ ಟೈರು ತಿನ್ನೋದು 33 ವ್ಯಾಟ್ ಆಸುಪಾಸು. ಡ್ರ್ಯಾಗ್ ಏರಿಯಾ 0.35 ಚದರ ಮೀಟರ್ ಇದ್ದರೆ ಗಾಳಿ ತಿನ್ನೋದು 110 ವ್ಯಾಟ್. ಈಗ ಮೂವತ್ತು ನಲವತ್ತು ಸಾವಿರ ಹೆಚ್ಚು ಕೊಟ್ಟು ಒಂದು ಕಿಲೋ ಹಗುರದ ಸೈಕಲ್ ತಂದಿರಿ ಅನ್ನಿ. ಸಮತಟ್ಟಿನಲ್ಲಿ ಉಳಿಯೋದು 0.4 ವ್ಯಾಟ್. ಅದರ ಬದಲು ಮೊಣಕೈ ಬಗ್ಗಿಸಿ, ತಲೆ ತಗ್ಗಿಸಿ ಡ್ರ್ಯಾಗ್ ಏರಿಯಾ 0.30ಕ್ಕೆ ಇಳಿಸಿದರೆ ಉಳಿಯೋದು 16 ವ್ಯಾಟ್ ಹತ್ತಿರ. ಖರ್ಚು ಸೊನ್ನೆ. ಆಗುಂಬೆ ಘಾಟಿ ಹತ್ತುವವರಿಗೆ ತೂಕ ಮುಖ್ಯ ಆಗಬಹುದು, ಭದ್ರಾವತಿಗೆ ಹೋಗೋರಿಗಲ್ಲ.

ಗೇರಿರೋ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಸೈಕಲ್ಲಿನಲ್ಲೂ ಮೊದಲ ಟ್ರಯಥ್ಲಾನ್ ಮುಗಿಸಬಹುದು. ತಗೊಳ್ಳೋವಾಗ ಫ್ರೇಮ್ ನಿಮ್ಮ ಎತ್ತರಕ್ಕೆ ಹೊಂದುತ್ತಾ, ಬೆಸುಗೆ ಹತ್ತಿರ ಬಿರುಕಿದೆಯಾ, ಚಕ್ರ ತಿರುಗಿಸಿದರೆ ಓಲಾಡುತ್ತಾ, ಬ್ರೇಕ್ ಹಿಡಿಯುತ್ತಾ ನೋಡಿ. ಪಂಕ್ಚರ್ ಹಾಕೋದು ಕಲಿಯಿರಿ. ನಿದಿಗೆ ಹತ್ತಿರ ಬೆಳಿಗ್ಗೆ ಐದೂವರೆಗೆ ಟ್ಯೂಬ್ ಹೋದ್ರೆ ಯಾವ ಅಂಗಡಿಯೂ ತೆಗೆದಿರಲ್ಲ.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಟ್ರಯಥ್ಲಾನ್ ನಿಯಮದಲ್ಲೇ ಇದೆ, ಹೆಲ್ಮೆಟ್ ಪಟ್ಟಿ ಬಿಗಿಯದೆ ಸೈಕಲ್ಲನ್ನು ಸ್ಟ್ಯಾಂಡಿನಿಂದ ತೆಗೆಯೋ ಹಾಗಿಲ್ಲ. ಹೆಲ್ಮೆಟ್ ಒಳಗಿರೋದು ಥರ್ಮೋಕೋಲ್ ಜಾತಿಯ ಫೋಮು. ಏಟು ಬಿದ್ದಾಗ ತಾನು ಅಪ್ಪಚ್ಚಿಯಾಗಿ ತಲೆ ಉಳಿಸುತ್ತೆ, ಮತ್ತೆ ಮೊದಲಿನ ಹಾಗೆ ಉಬ್ಬಲ್ಲ. ಹಾಗಾಗಿ ಒಮ್ಮೆ ಬಿದ್ದ ಹೆಲ್ಮೆಟ್ ಹೊರಗಿಂದ ಎಷ್ಟೇ ಚೆನ್ನಾಗಿ ಕಂಡರೂ ಎಸೆಯಿರಿ. ಅದರ ಜೊತೆಗೆ ಹಿಂದೆ ಮಿನುಗೋ ಕೆಂಪು ಲೈಟು, ಮುಂದೆ ಬಿಳಿ ಲೈಟು, ಹೊಳೆಯೋ ಪಟ್ಟಿಯ ಜಾಕೆಟ್ಟು. ಬಿಎಚ್ ರಸ್ತೆಯಲ್ಲಿ ಬೆಳಗಿನ ಜಾವ ಲಾರಿಗಳು ಹೇಗೆ ಬರ್ತವೆ ಅಂತ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಓಡೋರು ಎದುರಿಂದ ಬರೋ ಗಾಡಿ ಕಾಣೋ ಹಾಗೆ ರಸ್ತೆಯ ಬಲಗಡೆ ಓಡಿ. ಸೈಕಲ್ಲಿನವರು ಎಡಗಡೆಯೇ. ಇಯರ್‌ಫೋನ್ ಬಸ್ಸಿಗೆ ಇರಲಿ.

ನೀರಿನ ವಿಷಯ

ಈಜಿಗೆ ಬೇಕಾಗೋದು ಒಂದು ಗಾಗಲ್, ಒಂದು ಕ್ಯಾಪ್, ಕಲಿಸೋಕೆ ಒಬ್ಬರು. ವೆಟ್‌ಸೂಟ್ ಬಗ್ಗೆ ಗ್ರೂಪಲ್ಲಿ ಯಾರೋ ಕೇಳಿದ್ದರು. ಅದು ತಣ್ಣೀರಿನ ಊರಿನವರ ಬಟ್ಟೆ. ಐರನ್‌ಮ್ಯಾನ್ ಸ್ಪರ್ಧೆಗಳಲ್ಲಿ ನೀರು 24.5 ಡಿಗ್ರಿ ದಾಟಿದರೆ ಅದನ್ನು ಹಾಕಿದವರಿಗೆ ಬಹುಮಾನದ ಲೆಕ್ಕವೇ ಇಲ್ಲ. ನಮ್ಮ ಕರಾವಳಿ, ಗೋವಾ ಕಡೆ ಸಮುದ್ರ ಅದಕ್ಕಿಂತ ಬೆಚ್ಚಗಿರುತ್ತೆ. ಆ ದುಡ್ಡು ಈಜುಕೊಳದ ಫೀಸಿಗೆ ಹೋಗಲಿ.

ಇನ್ನೊಂದು ಮಾತು, ಇದನ್ನು ಸೀರಿಯಸ್ಸಾಗಿ ತಗೊಳ್ಳಿ. "ಪೂಲ್ ಯಾಕೆ, ಚಾನಲ್ ಇದೆಯಲ್ಲ" ಅನ್ನೋರು ನಮ್ಮಲ್ಲಿ ಇದ್ದಾರೆ. ತುಂಗಾ, ಭದ್ರಾ ಚಾನಲ್‌ಗಳ ದಂಡೆ ಕಾಂಕ್ರೀಟಿನ ಇಳಿಜಾರು. ಪಾಚಿ ಕಟ್ಟಿದ ಮೇಲೆ ಕೈಗೆ ಏನೂ ಸಿಗಲ್ಲ, ಸೆಳೆತ ಎಳ್ಕೊಂಡು ಹೋಗುತ್ತೆ. ಚೆನ್ನಾಗಿ ಈಜು ಬರುವವರಿಗೂ ಹತ್ತಿ ಬರೋಕೆ ಆಗಲ್ಲ. ಸೊಂಟಕ್ಕೆ ಕಟ್ಟೋ ಬಲೂನು ಕೊಂಡರೂ ಅಲ್ಲಿ ಇಳಿಯಬೇಡಿ. ಈಜುಕೊಳದ ಫೀಸ್ ಇಲ್ಲದಿದ್ದರೆ ಟ್ರಯಥ್ಲಾನ್ ಮುಂದಿನ ವರ್ಷ ಆಗಲಿ, ಈ ವರ್ಷ ಓಟ, ಸೈಕಲ್ ಎರಡೇ ಸಾಕು.

ಕುಡಿಯೋ ನೀರಿಗೂ ವೆಸ್ಟ್ ಬೇಡ. ಕೈಯಲ್ಲಿ ಅರ್ಧ ಲೀಟರ್ ಬಾಟಲಿ ಸಾಕು. ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20–25 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತೆ, ಒಂದು ಮಧ್ಯಮ ಗಾತ್ರದ ಬಾಳೆಹಣ್ಣಲ್ಲೂ ಹೆಚ್ಚುಕಡಿಮೆ ಅಷ್ಟೇ. ಏಪ್ರಿಲ್ ಬಿಸಿಲಲ್ಲಿ ಉದ್ದ ಓಡೋದಿದ್ದರೆ ಮೆಡಿಕಲ್ ಶಾಪಿನ ಓಆರ್‌ಎಸ್ ಪ್ಯಾಕೆಟ್. ಡಬ್ಲ್ಯುಎಚ್ಒ ಸೂತ್ರದ್ದು ಅಂತ ಬರೆದಿರೋದನ್ನು ನೋಡಿ ತಗೊಳ್ಳಿ. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಹೇಳಿದೆಯೋ ಅಷ್ಟರಲ್ಲೇ ಕಲಸಿ.

ಡ್ರಾಫ್ಟರ್ ದಾರಿ

ನಮ್ಮ ಕಾಲೇಜುಗಳಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಮಿನಿ ಡ್ರಾಫ್ಟರ್, ಲ್ಯಾಬ್ ಏಪ್ರನ್, ಸೈಂಟಿಫಿಕ್ ಕ್ಯಾಲ್ಕುಲೇಟರ್ ಇವನ್ನು ಹೊಸದಾಗಿ ಕೊಂಡವರು ಎಷ್ಟು ಜನ? ಸೀನಿಯರ್ ಹತ್ತಿರ ಇಸ್ಕೊಂಡು, ಮುಗಿದಮೇಲೆ ಜೂನಿಯರ್‌ಗೆ ದಾಟಿಸ್ತೀವಿ. ನನ್ನ ಏಪ್ರನ್ ಮೇಲೆ ಮೂರು ಬ್ಯಾಚಿನವರ ಹೆಸರಿದೆ. ಅದಕ್ಕೆ ಯಾರೂ ನಾಚಿಕೆ ಪಟ್ಟುಕೊಳ್ಳಲ್ಲ. ಓಟಕ್ಕೆ ಯಾಕೆ ಈ ಪದ್ಧತಿ ಬರಬಾರದು?

ಕಾಲೇಜಿನ ಸ್ಪೋರ್ಟ್ಸ್ ರೂಮಿನಲ್ಲಿ ಒಂದು ಬೀರು ಕೇಳೋಣ. ಅದರಲ್ಲಿ ಲೈಟುಗಳು, ಹೊಳೆಯೋ ಜಾಕೆಟ್ಟುಗಳು, ಒಂದು ಪಂಪು, ಪಂಕ್ಚರ್ ಕಿಟ್ಟು, ನಾಲ್ಕು ಹೊಸ ಹೆಲ್ಮೆಟ್ ಇರಲಿ. ಇವನ್ನೆಲ್ಲ ಹತ್ತು ಜನ ಸರದಿಯಲ್ಲಿ ಬಳಸಬಹುದು, ಲೈಬ್ರರಿ ಪುಸ್ತಕದ ಹಾಗೆ ಸಹಿ ಮಾಡಿ ತಗೊಂಡರಾಯ್ತು. ಪಾಸಾಗಿ ಹೋಗೋ ಸೀನಿಯರ್‌ಗಳ ಸೈಕಲ್‌ಗಳು ಹಾಸ್ಟೆಲ್ ಶೆಡ್ಡಲ್ಲಿ ತುಕ್ಕು ಹಿಡೀತಿವೆ, ಒಂದೆರಡನ್ನು ರಿಪೇರಿ ಮಾಡಿಸೋಣ. ಮೆಕ್ಯಾನಿಕಲ್‌ನವರು ಸುಮ್ನೆ ಓದ್ತಿದ್ದೀರಾ? ಶೂ ಮಾತ್ರ ಹಂಚಿಕೊಳ್ಳೋದಲ್ಲ, ಅದರ ಫೋಮು ಒಬ್ಬರ ಕಾಲಿಗೆ ಒಗ್ಗಿರುತ್ತೆ. ಅದಕ್ಕೆ ಫೆಸ್ಟ್‌ನಲ್ಲಿ ಮಿಕ್ಕ ದುಡ್ಡಿನಿಂದ ವರ್ಷಕ್ಕೆ ಮೂರು ಜೊತೆ ಕೊಡಿಸೋಕೆ ಆಗಲ್ವಾ? ಬೇಕಾದವರು ನಮ್ಮ ದೈಹಿಕ ಶಿಕ್ಷಣ ಸರ್ ಹತ್ತಿರ ಮಾತ್ರ ಕೇಳಲಿ, ಗ್ರೂಪಿನಲ್ಲಿ ಕೈಯೆತ್ತುವ ಪರಿಸ್ಥಿತಿ ಬೇಡ.

"ದುಡ್ಡಿದ್ದೋರು ತಗೊಂಡ್ರೆ ನಿಂಗೇನು ಹೊಟ್ಟೆಯುರಿ?" ಅಂತ ಒಬ್ಬ ಗೆಳೆಯ ಕೇಳಿದ. ಏನೂ ಇಲ್ಲ. ನಾನೂ ಆ ಕಾರ್ಬನ್ ಶೂ ಇಟ್ಕೊಂಡಿದ್ದೀನಿ, ರೇಸಿಗೆ ಹಾಕ್ತೀನಿ, ಹಾಕಿದಾಗ ಖುಷಿಯಾಗುತ್ತೆ. ಒಂದು ವರ್ಷ ಓಡಿ, ನಿಮಗೆ ಯಾವುದು ಕೊರತೆ ಅಂತ ಗೊತ್ತಾದ ಮೇಲೆ ತಗೊಳ್ಳಿ, ಯಾರು ಬೇಡ ಅಂದ್ರು? ನನ್ನ ತಕರಾರು ಓಡೋ ಮುಂಚೆಯೇ ಕೈಗೆ ಕೊಡೋ ಪಟ್ಟಿಯ ಬಗ್ಗೆ.

ಹಳೇ ಪಟ್ಟಿ ಗ್ರೂಪಿನಿಂದ ಡಿಲೀಟ್ ಮಾಡಿದ್ದೀನಿ. ಹೊಸದರಲ್ಲಿ ನಾಲ್ಕೇ ಸಾಲಿದೆ: ಕಾಲಿಗೆ ಸರಿಹೊಂದೋ ಶೂ, ಹಳೇದಾದರೂ ಸರಿ. ಬೆನ್ನಿಗೆ ಹೊಳೆಯೋ ಪಟ್ಟಿ. ಒಂದು ಬಾಟಲಿ ನೀರು. ವಾಪಸ್ ಬರೋಕೆ ಬಸ್ ಚಾರ್ಜು.

ಆ ಹುಡುಗ ಮತ್ತೆ ಗ್ರೂಪಿಗೆ ಸೇರಿದ್ದಾನೆ. ಹೋದ ಭಾನುವಾರ ಅವನ ಜೊತೆ ಭದ್ರಾವತಿಗೆ ಓಡಿದೆ. ನಿದಿಗೆ ತನಕ ಜೊತೆಗಿದ್ದ, ಆಮೇಲೆ ನನಗೆ ಅವನ ಬೆನ್ನು ಮಾತ್ರ ಕಾಣ್ತಿತ್ತು. ಕಡದಕಟ್ಟೆ ಹತ್ತಿರ ನಿಂತು ಕಾಯ್ತಿದ್ದ. ಅವನ ಶೂ ಅಟ್ಟೆ ನೋಡಿದೆ, ಬಲಗಾಲಿನದು ಹಿಮ್ಮಡಿ ಹತ್ತಿರ ಪೂರ್ತಿ ಸವೆದಿದೆ. ಬೀರು ಬರೋಷ್ಟರಲ್ಲಿ ಅದು ತೂತು ಬೀಳುತ್ತೆ. ಆದ್ದರಿಂದ ಕ್ಲಬ್ಬಿನ ಪದಾಧಿಕಾರಿಗಳೇ, ಸ್ವಲ್ಪ ಬೇಗ ಮೀಟಿಂಗ್ ಕರೀರಿ.

ಉಳಿದವರು ಮುಂದಿನ ಭಾನುವಾರ ಬೆಳಿಗ್ಗೆ ಐದೂವರೆಗೆ ತುಂಗಾ ಸೇತುವೆ ಹತ್ತಿರ ಬನ್ನಿ. ಪೂರ್ತಿ ಓಡೋಕಾಗದಿದ್ದರೆ ಮಲವಗೊಪ್ಪದಲ್ಲಿ ಬಸ್ ಹತ್ತಬಹುದು, ಯಾರೂ ನಗಲ್ಲ.